ಹೊರಗಿನ ತಕ್ಕಡಿ

ಅವತ್ತು ಬೆಳಿಗ್ಗೆ ಮೇಷ್ಟ್ರು ಹಳೆ ಪೇಪರಿನ ಕಟ್ಟು ಹೊತ್ತು ತರದೇ ಇದ್ದಿದ್ದರೆ ಗುಜರಿ ಅಂಗಡಿಯವನ ಮಗಳು ಸಂಜೆಯೊಳಗೆ ಆಕಾಶ ನೋಡಿ ಬಂದಿರುತ್ತಿದ್ದಳು ಎಂದೇ ಅವಳಪ್ಪ ಮೈದಾನ ಮುಟ್ಟುವವರೆಗೂ ನಂಬಿದ್ದ.

ಹದಿನೈದರ ಹುಡುಗಿ, ಛತ್ರಿ ಕಡ್ಡಿಯ ಹಾಗೆ ತೆಳ್ಳಗೆ. ವರ್ಷದ ಹಿಂದೆ ವಿಮಾನ ಕೆಡೆಟ್ ದಳ ಸೇರಿದ್ದಳು. ಸಂಬಳವಿಲ್ಲದೆ ದುಡಿಯುವ ಒಂದಷ್ಟು ಜನ ಊರಾಚೆಯ ಮೈದಾನದಲ್ಲಿ ಮಕ್ಕಳಿಗೆ ಕವಾಯತು, ವಿಮಾನದ ಪಾಠ ಹೇಳಿಕೊಡುವ ದಳ ಅದು. ಹೆತ್ತವರೂ ಭಾನುವಾರ ಬಂದು ಕೈಜೋಡಿಸಬೇಕೆಂಬ ನಿಯಮವಿತ್ತು. ಭಾನುವಾರ ಬಿಟ್ಟರೆ ಗುಜರಿಗೆ ವ್ಯಾಪಾರವೆಲ್ಲಿ? ಅವನು ಅಂಗಡಿಯಿಂದ ಒಂದು ಗಾಡಿ ತುಂಬ ಬೀರು, ಕುರ್ಚಿ, ಇನ್ನೂ ಏನೇನೋ ಹಳೆ ಸಾಮಾನು ದಾನವಾಗಿ ಕಳಿಸಿ ತಪ್ಪಿಸಿಕೊಂಡಿದ್ದ.

ಇವತ್ತು ಮಕ್ಕಳನ್ನು ಗ್ಲೈಡರಿನಲ್ಲಿ ಒಂದು ಸುತ್ತು ಹಾರಿಸುವ ದಿನ. ಎಂಜಿನ್ ಇಲ್ಲದ ಪುಟ್ಟ ವಿಮಾನ, ಎರಡೇ ಸೀಟು. ಹಾರಿ ಬಂದವರಿಗೆ ಎದೆಗೆ ರೆಕ್ಕೆಯ ಬಿಲ್ಲೆ, ಮುಂದಿನ ತರಬೇತಿಗೆ ಜಾಗ. ಹಾರದವರು ಅಲ್ಲಿಗೇ ಮನೆಗೆ. ನಲವತ್ತು ಕೆಜಿಗಿಂತ ಕಡಿಮೆ ಇದ್ದವರನ್ನು ಹತ್ತಿಸುವುದಿಲ್ಲ, ತೊಂಬತ್ತು ದಾಟಿದವರನ್ನೂ ಹತ್ತಿಸುವುದಿಲ್ಲ. ಹುಡುಗಿ ತಿಂಗಳಿಂದ ನಿದ್ದೆಯಲ್ಲೂ ಕೈ ಚಾಚಿ ಹಾರುತ್ತಿದ್ದಳು.

ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ನಿಂತಿದ್ದ ಅವಳನ್ನು ನೋಡಿ ಮೇಷ್ಟ್ರು, "ನೀನೆಷ್ಟು ತೂಗ್ತೀಯಮ್ಮ? ಹತ್ತು ನೋಡೋಣ" ಎಂದು ತಕ್ಕಡಿ ತೋರಿಸಿದರು. ಅಪ್ಪ ಬೇಡ ಎನ್ನುವಷ್ಟರಲ್ಲಿ ಅವಳು ಹತ್ತಿಯಾಗಿತ್ತು. ಮುಳ್ಳು ಮೂವತ್ತೆಂಟಕ್ಕೆ ಒಂದು ಕೂದಲು ಈಚೆ ನಿಂತಿತು.

ಅಂಗಡಿಯಲ್ಲಿ ತಕ್ಕಡಿ ಎರಡು. ಬೀದಿಯವರಿಂದ ಕೊಳ್ಳುವಾಗ ಹೊರಗಿನದು, ಕಾರ್ಖಾನೆಗೆ ಮಾರುವಾಗ ಒಳಗಿನದು. ಹೊರಗಿನದಕ್ಕೆ ಅವನು ಒಳ್ಳೆಯ ಬುದ್ಧಿ ಕಲಿಸಿದ್ದ. ಹತ್ತು ಇಟ್ಟರೆ ಒಂದನ್ನು ನುಂಗಿ ಒಂಬತ್ತು ಎನ್ನುತ್ತಿತ್ತು. ನಿನ್ನೆಯಷ್ಟೇ ಮಗಳನ್ನು ಒಳಗಿನದರ ಮೇಲೆ ನಿಲ್ಲಿಸಿ, ನಲವತ್ತೆರಡು ಎಂದು ತಾನೊಬ್ಬನೇ ನೋಡಿಕೊಂಡು, ಸಾಕಾಗುತ್ತೆ ಬಾ ಎಂದಿದ್ದ.

"ಎರಡು ಕೆಜಿ ಕಮ್ಮಿ ಇದ್ದಾಳಲ್ಲಯ್ಯ" ಎಂದರು ಮೇಷ್ಟ್ರು.

"ಅಲ್ಲಿ ಸರಿಹೋಗತ್ತೆ ಬಿಡಿ ಮೇಷ್ಟ್ರೆ."

"ಅಲ್ಲಿ ಹೇಗಯ್ಯ ಸರಿಹೋಗತ್ತೆ? ನಿನ್ನ ತಕ್ಕಡಿ ಏನು ಸುಳ್ಳು ಹೇಳತ್ತಾ?"

"ಛೆ ಛೆ" ಎಂದ ಅವನು.

ಆ ಎರಡು ಅಕ್ಷರಕ್ಕೆ ಇಡೀ ದಿನ ದಂಡ ತೆತ್ತ. ಪಕ್ಕದ ಟೈಲರ್ ಅಕ್ಕ ಸುದ್ದಿ ಕೇಳಿ ಕತ್ತರಿ ಹಿಡಿದೇ ಓಡಿ ಬಂದಳು. ಅವಳ ಮಗನೂ ಅದೇ ದಳದಲ್ಲಿದ್ದ. ಅವನ ಸಮವಸ್ತ್ರಕ್ಕೆ ಇಬ್ಬರ ಬಟ್ಟೆ ಹಿಡಿದಿತ್ತು. ತೊಂಬತ್ತರೊಳಗೆ ಇಳಿಸಬೇಕೆಂದು ವಾರದಿಂದ ಅವನಿಗೆ ಸೌತೆಕಾಯಿ ಬಿಟ್ಟು ಬೇರೆ ತೋರಿಸಿರಲಿಲ್ಲ. ಅಲ್ಲಿ ಉಳಿಸಿದ್ದನ್ನೆಲ್ಲ ಇಲ್ಲಿ ತುಂಬಿಸುವವಳ ಹಾಗೆ ಹುಡುಗಿಗೆ ಒಂದು ಚಿಪ್ಪು ಬಾಳೆಹಣ್ಣು ತಿನ್ನಿಸಿದಳು. ಮೇಷ್ಟ್ರು ತಂಬಿಗೆ ತಂಬಿಗೆ ನೀರು ಕುಡಿಸಿದರು. ಒಂದೊಂದು ಸಲಕ್ಕೂ ತಕ್ಕಡಿ ಹತ್ತಿಸಿದರು. ತಕ್ಕಡಿ ಮಾತ್ರ ಅಭ್ಯಾಸಬಲದಿಂದ ತನ್ನ ಪಾಲು ಮುರಿದುಕೊಂಡೇ ಲೆಕ್ಕ ಹೇಳುತ್ತಿತ್ತು.

"ಗುಜರಿ ಅಂಗಡೀಲಿ ಕಬ್ಬಿಣಕ್ಕೇನು ಬರ?" ಎಂದಳು ಅಕ್ಕ ಕೊನೆಗೆ. ಅವನದೇ ರಾಶಿಯಿಂದ ಬೋಲ್ಟು ಆರಿಸಿ ಪ್ಯಾಂಟಿನ ಅಂಚಿನೊಳಗೆ ಇಟ್ಟು ಹೊಲಿದಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿಗೆ ಎರಡು ತಕ್ಕಡಿಯ ಸಂಗತಿಯೂ ಗೊತ್ತಿತ್ತು. "ನಿಮ್ಮ ತಕ್ಕಡಿ, ನೀವೇ ನೋಡ್ಕೊಳ್ಳಿ" ಎಂದು ಮೆಲ್ಲಗೆ ಹೇಳಿ ಒಳಗೆ ಹೋದಳು.

ದಾರಿಯಲ್ಲಿ ಹೇಗಾದರೂ ಮಗಳನ್ನು ಪಕ್ಕಕ್ಕೆ ಕರೆದು ಹೊಲಿಗೆ ಬಿಚ್ಚಿಬಿಡೋಣ ಎಂದುಕೊಂಡಿದ್ದ. ಆದರೆ ಆಟೋದಲ್ಲಿ ಅಪ್ಪ ಮಗಳ ನಡುವೆ ಟೈಲರ್ ಅಕ್ಕ ಗೋಡೆಯ ಹಾಗೆ ಕೂತಳು. ಮೇಷ್ಟ್ರು ಆ ದಪ್ಪ ಹುಡುಗನ ಜೊತೆ ಹಿಂದಿನ ಆಟೋದಲ್ಲಿ ಬಂದರು. ಅರ್ಧ ದಾರಿಯಲ್ಲಿ ಬಾಳೆಹಣ್ಣು, ನೀರು ಎಲ್ಲ ವಾಪಸು ಬಂದವು. ಬಾಯಿ ಒರೆಸಲು ಬಗ್ಗಿದವನ ಕಿವಿಯಲ್ಲಿ ಹುಡುಗಿ, "ಅಪ್ಪ, ಇದು ಮೋಸ ಅಲ್ವಾ?" ಎಂದಳು. "ಇವತ್ತೊಂದು ದಿನ" ಎಂದ.

ಮೈದಾನದಲ್ಲಿ ಮೊದಲು ಕವಾಯತು. ಹುಡುಗಿ ಸರಪಳಿ ಬಿಗಿದವಳಂತೆ ಕಾಲೆಳೆದು ನಡೆದಳು. ಹಿಂದೆ ತಿರುಗು ಎಂದಾಗ ಎಲ್ಲರೂ ತಿರುಗಿದರು. ಇವಳ ಪ್ಯಾಂಟಿನ ಅಂಚು ಮಾತ್ರ ತಿರುಗಲಿಲ್ಲ. ಹೊಲಿಗೆ ಹರಿದು ಬೋಲ್ಟುಗಳು ಸಿಮೆಂಟಿನ ಮೇಲೆ ಠಣಠಣ ಉರುಳಿದವು.

ದಳದ ಮೇಡಂ ವಾರವೆಲ್ಲ ಹಲ್ಲಿನ ಡಾಕ್ಟರು, ರಜೆಯ ದಿನ ಮಾತ್ರ ಇಲ್ಲಿ ಅಧಿಕಾರಿ. ಕಿತ್ತ ಹಲ್ಲು ಹಿಡಿದಂತೆ ಒಂದು ಬೋಲ್ಟನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು. ಮೇಲೆ ಹಾರುವಾಗ ಇದು ಜಾರಿ ಪೆಡಲಿಗೆ ಸಿಕ್ಕಿಕೊಂಡರೆ ಕೂತ ಇಬ್ಬರೂ ಉಳಿಯುವುದಿಲ್ಲ ಎಂದರು. ಸಾಲು ಬಿಟ್ಟು ಹೋಗಲು ಹೇಳಿದರು. ಹುಡುಗಿ ಅಳಲಿಲ್ಲ. ಟೋಪಿ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಆ ಟೋಪಿ ನೋಡಿ ಅವನಿಗೆ ತಡೆಯಲಾಗಲಿಲ್ಲ. ಎಲ್ಲರ ಮುಂದೆ ಹೋಗಿ ನಿಂತ.

"ಅವಳದೇನೂ ತಪ್ಪಿಲ್ಲ ಮೇಡಂ. ನನ್ನ ಅಂಗಡಿ ತಕ್ಕಡಿ ಕಮ್ಮಿ ತೋರಿಸತ್ತೆ. ನಾನೇ ಹಾಗೆ ಮಾಡಿಟ್ಟಿದ್ದೀನಿ. ಇವಳು ನಿಜವಾಗಿ ನಲವತ್ತೆರಡಿದ್ದಾಳೆ. ಒಂದೇ ಒಂದು ಸಲ ನಿಮ್ಮ ತಕ್ಕಡೀಲಿ ತೂಗಿ."

ಮೇಷ್ಟ್ರ ಮುಖದಲ್ಲಿ ಅಷ್ಟು ವರ್ಷದ ಪೇಪರೆಲ್ಲ ಒಂದೊಂದಾಗಿ ಮಗುಚತೊಡಗಿದವು. ಟೈಲರ್ ಅಕ್ಕ ಸೊಂಟಕ್ಕೆ ಕೈಕೊಟ್ಟಳು. ಮೇಡಂ, ಅಷ್ಟು ಹೇಳುವವರು ಸುಳ್ಳು ಹೇಳಲಾರರು ಎಂದುಕೊಂಡು, ತಕ್ಕಡಿಯ ಮೇಲಿನ ಬಟ್ಟೆ ತೆಗೆಸಿದರು. ಹುಡುಗಿ ಉಳಿದ ಬೋಲ್ಟುಗಳನ್ನೂ ಕಿತ್ತು ಕೊಟ್ಟು ಹತ್ತಿ ನಿಂತಳು.

ಮುಳ್ಳು ಏರಿತು. ಮೂವತ್ತೆಂಟಕ್ಕೆ ಒಂದು ಕೂದಲು ಈಚೆ ನಿಂತಿತು.

ಅವನು ಆಗ ತಕ್ಕಡಿಯನ್ನು ನೋಡಿದ. ಹಸಿರು ಬಣ್ಣ, ಎಡಗಡೆ ನೆಗ್ಗಿದ ಮೂಲೆ. ಗಾಡಿ ತುಂಬ ದಾನ ಕೊಟ್ಟ ಸಾಮಾನಿನಲ್ಲಿ ಇದೂ ಇತ್ತು. ಹೊಸದನ್ನು ತರುವ ಮುಂಚೆ ಇದೇ ಅವನ ಹೊರಗಿನ ತಕ್ಕಡಿಯಾಗಿತ್ತು.

"ಮೇಡಂ, ಇದೂ ನಂದೇ. ಇದೂ ನುಂಗತ್ತೆ" ಎಂದ.

"ನೀವೇ ಕೊಟ್ಟಿದ್ದು, ಗೊತ್ತು. ಇಷ್ಟು ದಿನ ಯಾರೂ ದೂರು ಹೇಳಿಲ್ಲ" ಎಂದರು ಮೇಡಂ. ಮಗಳಿಗಾಗಿ ಅಪ್ಪಂದಿರು ಏನು ಬೇಕಾದರೂ ಹೇಳುತ್ತಾರೆ ಎಂದು ಮರುಕದಿಂದಲೇ ಸೇರಿಸಿದರು.

ಮುಂದಿನ ಸರದಿ ಟೈಲರ್ ಅಕ್ಕನ ಮಗನದು. ತೊಂಬತ್ತು ಮುಟ್ಟದೆ ಮುಳ್ಳು ಎಂಬತ್ತೈದಕ್ಕೇ ನಿಂತುಬಿಟ್ಟಿತು. ಅವನನ್ನು ಹತ್ತಿಸಬೇಡಿ, ಅವನು ಭಾರ ಇದ್ದಾನೆ ಎಂದು ಗುಜರಿಯವನು ಅಂಗಲಾಚಿದ. ಅಕ್ಕ ಅವನ ಕಡೆ ತಿರುಗಿಯೂ ನೋಡಲಿಲ್ಲ.

"ತಕ್ಕಡಿ ಸರಿಯಾಗೇ ಇದೆ ಮೇಡಂ. ಹೊಟ್ಟೆಕಿಚ್ಚಿನ ಮಾತು ಕೇಳಬೇಡಿ."

ಗ್ಲೈಡರು ನೆನೆದ ಗೋಣಿಚೀಲದ ಹಾಗೆ ಒಲ್ಲದ ಮನಸ್ಸಿನಿಂದ ಎದ್ದು, ಮರಗಳ ಮೇಲೆ ಹೇಗೋ ತೂರಿ, ಬೇಗನೆ ಇಳಿದುಬಿಟ್ಟಿತು. ಹುಡುಗನ ಎದೆಗೆ ಬಿಲ್ಲೆ ಬಿತ್ತು.

ಹೊರಡುವಾಗ ಮೇಷ್ಟ್ರು ಅವನ ಹೆಗಲ ಮೇಲೆ ಕೈ ಹಾಕಿದರು. "ಒಂದು ಕ್ಷಣ ನಿನ್ನ ಮೇಲೆ ಅನುಮಾನ ಬಂದಿತ್ತು ಕಣಯ್ಯ, ತಪ್ಪು ತಿಳ್ಕೋಬೇಡ. ಎರಡು ತಕ್ಕಡೀನೂ ಒಂದೇ ಮಾತು ಹೇಳಿದ್ವಲ್ಲ, ಇನ್ನೇನು ಬೇಕು? ನಾಳೆ ಆ ಪೇಪರ್ ಕಟ್ಟು ತೂಗಿ ಇಡು."

ಅಪ್ಪ ಮಗಳು ನಡೆದೇ ಮನೆಗೆ ಹೊರಟರು. ಅಂಚು ಹರಿದ ಪ್ಯಾಂಟು ನೆಲ ಗುಡಿಸುತ್ತಿತ್ತು. ಹುಡುಗಿ ಕೇಳಿದಳು:

"ಅಪ್ಪ, ನಿಜವಾಗಿ ನಾನೆಷ್ಟಿದ್ದೀನಿ?"

"ನಲವತ್ತೆರಡು ಮಗಳೇ. ದೇವರಾಣೆ."

"ಯಾವ ತಕ್ಕಡೀಲಿ?"