ಪೋಂಪಣ್ಣನ ಏಳು ಚೀಟಿ

ಪೋಂಪಣ್ಣನಿಗೆ ಬೇಕಾಗಿದ್ದುದು ಒಂದೇ ಒಂದು ಮೊಹರು. ದುಂಡಗಿನ, ನೀಲಿ ಬಣ್ಣದ, ಬಾಟಲಿ ಮುಚ್ಚಳದಷ್ಟಗಲದ ಮೊಹರು. ‘ಈತ ವಾಹನ ಓಡಿಸಲು ಯೋಗ್ಯ’ ಎಂಬ ಕಾಗದದ ಕೆಳಗೆ ಆಸ್ಪತ್ರೆಯವರು ಅದನ್ನೊಮ್ಮೆ ದಬ್ಬೆಂದು ಒತ್ತಿ ಕಳಿಸಿದ್ದರೆ ಅವನ ಪಾಡಿಗೆ ಅವನಿರುತ್ತಿದ್ದ, ಆಸ್ಪತ್ರೆಯ ಪಾಡಿಗೆ ಆಸ್ಪತ್ರೆ.

ಅವನು ಶಾಲೆಯ ವ್ಯಾನ್ ಡ್ರೈವರು. ತಿರುವು ಕಣ್ಣಿಗೆ ಬೀಳುವ ಮೊದಲೇ ಹಾರ್ನ್ ಒತ್ತುವ ಚಾಳಿ ನೋಡಿ ಮಕ್ಕಳು ಇಟ್ಟ ಹೆಸರು ಪೋಂಪಣ್ಣ. ಸಿಟ್ಟು ಬಂದಾಗ ಹೆಂಡತಿಯೂ ಈಗ ಹಾಗೇ ಕರೆಯುತ್ತಾಳೆ. ಶಾಲೆಯ ಉಳಿದ ಡ್ರೈವರುಗಳೆಲ್ಲ ಹೋದ ವಾರವೇ ಮೊಹರು ತಂದು ಒಪ್ಪಿಸಿದ್ದರು. ಇವನೊಬ್ಬ ನಾಳೆ ನಾಳೆ ಎನ್ನುತ್ತ ಕಡೇ ದಿನದವರೆಗೆ ಎಳೆದಿದ್ದ. ಇವತ್ತು ಸಂಜೆ ಐದರೊಳಗೆ ಕಾಗದ ಮ್ಯಾನೇಜರ ಕೈ ಸೇರದಿದ್ದರೆ ಹದಿನಾಲ್ಕು ವರ್ಷ ಓಡಿಸಿದ ವ್ಯಾನಿನ ಕೀಲಿಕೈ ಬೇರೆಯವನ ಪಾಲು.

“ಬೆಳಗ್ಗೆ ಏನಾದ್ರೂ ತಿಂದಿದ್ದೀರಾ?” ನರ್ಸಮ್ಮ ಕೇಳಿದಳು.

“ಇಲ್ಲ ಸಿಸ್ಟರ್. ಬೇಗ ಬಂದ್ರೆ ಬೇಗ ಹೋಗ್ಬಹುದು ಅಂತ ಬರೀ ನೀರು ಕುಡಿದು ಓಡಿಬಂದೆ.”

ಕೆಟ್ಟುಹೋದ ಟ್ಯೂಬ್‌ಲೈಟು ತಾನಾಗಿ ಹತ್ತಿಕೊಂಡಂತೆ ಅವಳ ಮುಖ ಬೆಳಗಿತು. “ಡಾಕ್ಟ್ರೇ! ಖಾಲಿ ಹೊಟ್ಟೇಲಿ ಒಬ್ರು ಬಂದಿದ್ದಾರೆ!” ಎಂದು ಕೂಗಿಕೊಂಡಳು. ಪೋಂಪಣ್ಣ ಬೇಡ ಎನ್ನುವಷ್ಟರಲ್ಲಿ ಬೆರಳು ಚುಚ್ಚಿ, ಒಂದು ಹನಿ ರಕ್ತ ಹಿಂಡಿ, ಪುಟ್ಟ ಯಂತ್ರದ ಬಾಯಿಗೆ ಹಚ್ಚಿಯಾಗಿತ್ತು.

“ನೂರೆಂಟು,” ಎಂದರು ಡಾಕ್ಟರು. ಪರೀಕ್ಷೆಯಲ್ಲಿ ಮಗ ಪಾಸಾದಷ್ಟು ಖುಷಿ ಅವರ ದನಿಯಲ್ಲಿ. “ನೋಡಪ್ಪ, ಖಾಲಿ ಹೊಟ್ಟೇಲಿ ನೂರರೊಳಗಿದ್ರೆ ಸರಿ. ನೂರಿಪ್ಪತ್ತಾರು ಮುಟ್ಟಿದ್ರೆ ಸಕ್ಕರೆ ಕಾಯಿಲೆ. ನೀನು ಮಧ್ಯದಲ್ಲಿದ್ದೀಯ. ಕಾಯಿಲೆ ಬಂದಿಲ್ಲ, ಬರ್ತಾ ಇದೆ.”

“ಬರ್ಲಿ ಬಿಡಿ ಸಾರ್, ಸೈಡ್ ಕೊಡಲ್ಲ. ಈಗ ಆ ಮೊಹರು…”

“ಮೊಹರು ಆಮೇಲೆ. ಮೊದಲು ಇದು,” ಎಂದು ಡಾಕ್ಟರು ಗುಲಾಬಿ ಬಣ್ಣದ ಚೀಟಿ ಹರಿದು ಕೊಟ್ಟರು. “ಕಾಯಿಲೆ ಬರದ ಹಾಗೆ ತಡೆಯೋ ಕ್ಲಾಸು. ನೆಲಮಾಳಿಗೇಲಿ ನಡೆಯುತ್ತೆ. ವಾರಕ್ಕೊಂದು, ಹದಿನಾರು ವಾರ. ಸೇರಿದ್ದೀಯ ಅಂತ ಅಲ್ಲಿಂದ ಸಹಿ ತಗೊಂಡು ಬಾ, ಮೊಹರು ಒತ್ತಿಸ್ತೀನಿ.”

ಈ ಔದಾರ್ಯದ ಹಿಂದೊಂದು ಸುತ್ತೋಲೆಯಿತ್ತು. ಕ್ಲಾಸು ಶುರುವಾಗಿ ತಿಂಗಳಾದರೂ ಆಸ್ಪತ್ರೆಯಲ್ಲಿ ಯಾರೊಬ್ಬರೂ ಅಲ್ಲಿಗೆ ಒಂದು ನರಪಿಳ್ಳೆಯನ್ನೂ ಕಳಿಸಿರಲಿಲ್ಲ. ಕಾಯಿಲೆ ಬಂದವರನ್ನು ನೋಡುವುದಕ್ಕೇ ಪುರುಸೊತ್ತಿಲ್ಲದ ಕಡೆ, ಬರಲಿರುವವರನ್ನು ಯಾರು ನೋಡುತ್ತಾರೆ? ಮೇಲಿನವರಿಗೆ ಕೋಪ ಬಂತು. ತಿಂಗಳ ಕೊನೆಯೊಳಗೆ ಪ್ರತಿಯೊಂದು ಕೋಣೆಯಿಂದಲೂ ಒಂದು ಚೀಟಿಯಾದರೂ ಹೋಗಬೇಕು. ಇಲ್ಲದಿದ್ದರೆ ಆ ಕೋಣೆಯವರು ಭಾನುವಾರ ಇಡೀ ದಿನ ಕೂತು ಚೀಟಿಯ ಮಹತ್ವದ ಬಗ್ಗೆ ಭಾಷಣ ಕೇಳಬೇಕು. ತಿಂಗಳ ಕೊನೆ ಇವತ್ತೇ. ಚೀಟಿ ಬರೆದಿರೋ ಇಲ್ಲವೋ ಎಂದು ಸುತ್ತೋಲೆ ಕೇಳಿತ್ತೇ ಹೊರತು ಯಾರಿಗೆ ಬರೆದಿರಿ ಎಂದು ಕೇಳಿರಲಿಲ್ಲ. ಸುತ್ತೋಲೆ ಬರೆಯುವ ದೊಡ್ಡ ಮನುಷ್ಯರಿಗೆ ಲೆಕ್ಕ ಸಿಕ್ಕರೆ ಸಾಕು, ಮನುಷ್ಯ ಸಿಗಬೇಕಾಗಿಲ್ಲ.

“ಕ್ಲಾಸಿಗೆ ರಜೆ ಬೇಕಾಗುತ್ತೆ. ನಿಮ್ಮ ಶಾಲೆಗೂ ಫೋನ್ ಮಾಡಿ ತಿಳಿಸ್ತೀವಿ,” ಎಂದಳು ನರ್ಸಮ್ಮ.

ಪೋಂಪಣ್ಣ ಎರಡೂ ಕೈ ಮುಗಿದ. “ಅಯ್ಯೋ, ನನ್ನ ಹೆಸರು ಹೇಳ್ಬೇಡಿ ತಾಯಿ!”

“ಹೆಸರು ಹೇಳೋ ಹಾಗೇ ಇಲ್ಲ ಅಣ್ಣ. ಗುಟ್ಟು ಕಾಪಾಡ್ಬೇಕು ಅಂತ ನಿಯಮ. ನಿಮ್ಮ ಡ್ರೈವರ್ ಒಬ್ರು ಅಂತೀವಿ, ಅಷ್ಟೇ.”

ಆಗ ಅವನಿಗೆ ನಿರಾಳವಾಯಿತು.

ಕಣ್ಣಿನ ಪರೀಕ್ಷೆಯೂ ಆಗಬೇಕಿತ್ತಾದ್ದರಿಂದ ಎರಡನೇ ಮಹಡಿಗೆ ಹತ್ತಿದ. ಕಣ್ಣಿನ ಡಾಕ್ಟರು ಗೋಡೆಯ ಮೇಲಿನ ಅಕ್ಷರ ಬಿಟ್ಟು ಇವನ ಜೇಬಿನ ಗುಲಾಬಿ ಚೀಟಿಯನ್ನೇ ನೋಡಿದರು. “ನೂರೆಂಟಾ? ಇರಿ, ನಾನೂ ಒಂದು ಬರೀತೀನಿ.”

“ಬರೆದಾಗಿದೆಯಲ್ಲ ಸಾರ್!”

“ಅದು ಅವರದ್ದು. ನಂದು ಎಲ್ಲಿ?”

ಹೀಗೆ ಎರಡಾಯಿತು. ಕಿವಿಯ ಕೋಣೆಯಲ್ಲಿ ಮೂರು. ಹಲ್ಲಿನ ಡಾಕ್ಟರಮ್ಮನ ಹತ್ತಿರ ಇವನಿಗೇನೂ ಕೆಲಸವಿರಲಿಲ್ಲ. ಪಡಸಾಲೆಯಲ್ಲಿ ಹೋಗುತ್ತಿದ್ದವನ ತೋಳು ಹಿಡಿದು ಒಳಗೆಳೆದರು. “ಭಾನುವಾರ ನನ್ನ ತಂಗಿ ಮದುವೆ ಕಣ್ರೀ, ಆ ಭಾಷಣಕ್ಕೆ ಕೂತರೆ ನಮ್ಮಮ್ಮ ನನ್ನ ಹಲ್ಲು ಕೀಳ್ತಾರೆ. ಒಂದೇ ಒಂದು ಚೀಟಿ ಇಸ್ಕೊಳ್ಳಿ!” ನಾಲ್ಕಾಯಿತು. ಮೂಳೆಯವರದ್ದು, ಎಕ್ಸ್‌ರೇಯವರದ್ದು ಸೇರಿ ಆರು. ಔಷಧಿ ಕೊಡುವ ಕಿಟಕಿಯ ಹುಡುಗಿ ಏಳನೆಯದನ್ನು ಕಿಂಡಿಯಿಂದಲೇ ತೂರಿದಳು. ಪ್ರತಿ ಕೋಣೆಯಿಂದಲೂ ಇವನು ಹೊರಬೀಳುತ್ತಿದ್ದಂತೆ ಒಳಗೆ ಫೋನ್ ಎತ್ತುವ ಸದ್ದಾಗುತ್ತಿತ್ತು.

ಬೆಂಚಿನ ಮೇಲೆ ಕೂತು ಏಳೂ ಚೀಟಿಗಳನ್ನು ಇಸ್ಪೀಟೆಲೆಯಂತೆ ಹರಡಿ ಹಿಡಿದ. ಪಕ್ಕದಲ್ಲಿದ್ದ ಅಜ್ಜಿ ಬಗ್ಗಿ ನೋಡಿ ಲೊಚಗುಟ್ಟಿದಳು.

“ಏಳು ಚೀಟಿನಾ ಮಗಾ? ನಮ್ಮೆಜಮಾನ್ರಿಗೆ ಕೊನೇ ದಿನದಲ್ಲೂ ಮೂರೇ ಕೊಟ್ಟಿದ್ರು.”

“ಒಂದು ಚೀಟಿಗೆ ಹದಿನಾರು ವಾರ ಅಂದ್ರೆ ಏಳಕ್ಕೆ…” ಎಂದು ಕೈಗೆ ಕಟ್ಟು ಹಾಕಿಸಿಕೊಂಡಿದ್ದ ಒಬ್ಬಾತ ಉಳಿದ ಕೈಯಲ್ಲಿ ಎಣಿಸಿದ. “ನೂರಾ ಹನ್ನೆರಡು ವಾರ. ಎರಡು ವರ್ಷದ ಮೇಲಾಯ್ತು. ನಮ್ಮ ಭಾವನಿಗೆ ಜೈಲೇ ಇಷ್ಟಾಗಿರಲಿಲ್ಲ ನೋಡಿ.”

ಅಷ್ಟರಲ್ಲಿ ಹೆಂಡತಿಯ ಫೋನು. “ರೀ, ಪಕ್ಕದ್ಮನೆಯವರು ನಿಮ್ಮನ್ನ ಅಲ್ಲಿ ನೋಡಿದ್ರಂತೆ. ಎಲ್ಲಾ ಡಾಕ್ಟ್ರೂ ಕೈ ಬಿಟ್ರಂತೆ ಹೌದಾ?”

“ಕೈ ಬಿಟ್ಟಿಲ್ಲ ಮಾರಾಯ್ತಿ, ಬಿಡ್ತಾನೇ ಇಲ್ಲ!”

ಮೂರು ಗಂಟೆಗೆ ನೆಲಮಾಳಿಗೆಗೆ ಇಳಿದ. ಒಂದು ಕೋಣೆ, ಒಂದು ತೂಕದ ಯಂತ್ರ, ಅರ್ಧವೃತ್ತದಲ್ಲಿ ಏಳು ಕುರ್ಚಿ. ಕ್ಲಾಸಿನ ಮೇಡಂ ಬಾಗಿಲಿಗೇ ಓಡಿಬಂದಳು. ಸಣ್ಣ ವಯಸ್ಸು, ಅಳಿಸದೇ ಉಳಿದ ಬಿಳಿ ಹಲಗೆಯಷ್ಟೇ ದಣಿದ ಮುಖ.

“ಬನ್ನಿ ಅಣ್ಣಾ, ಬನ್ನಿ! ಬೆಳಗ್ಗಿಂದ ಏಳು ಫೋನ್ ಬಂತು. ಒಂದು ತಿಂಗಳಿಂದ ಗೋಡೆಗೆ ಪಾಠ ಹೇಳ್ತಿದ್ದೆ. ಉಳಿದೋರೆಲ್ಲಿ?”

ಪೋಂಪಣ್ಣ ಮೆಲ್ಲಗೆ ಏಳೂ ಚೀಟಿಗಳನ್ನು ಮೇಜಿನ ಮೇಲಿಟ್ಟ. “ಉಳಿದೋರೂ ನಾನೇ ಮೇಡಂ.”

ಅವಳು ಒಂದೊಂದೇ ಚೀಟಿ ಓದಿದಳು. ಅದೇ ಹೆಸರು, ಅದೇ ನೂರೆಂಟು. ಕೊನೆಯ ಚೀಟಿಯ ಹೊತ್ತಿಗೆ ಕುರ್ಚಿಯಲ್ಲಿ ಕುಸಿದು ನಗತೊಡಗಿದಳು. ನಗು ಯಾವಾಗ ಅಳುವಿಗೆ ತಿರುಗಿತೆಂದು ಅವಳಿಗೂ ತಿಳಿಯಲಿಲ್ಲ.

ಅಳುವ ಮಕ್ಕಳನ್ನು ಸುಧಾರಿಸುವುದು ಪೋಂಪಣ್ಣನ ದಿನದ ಕಸುಬು. “ಅಳ್ಬೇಡಿ ಮೇಡಂ. ನಾನೊಬ್ಬ ಇದ್ದೀನಲ್ಲ, ಹೇಳಿ ಪಾಠ,” ಎಂದು ನಡುವಿನ ಕುರ್ಚಿಯಲ್ಲಿ ಕೂತ. ಆಮೇಲೆ ಬೆಳಗ್ಗಿಂದ ಕೇಳದೇ ಉಳಿದಿದ್ದನ್ನು ಕೇಳಿಯೇಬಿಟ್ಟ. “ನಮ್ಮಪ್ಪನಿಗೆ ಇದರಲ್ಲೇ ಕಾಲು ಹೋಯ್ತು. ನಂಗೂ ಹಾಗೇನಾ?”

ಅವಳು ಕಣ್ಣೊರೆಸಿಕೊಂಡಳು. “ಅಪ್ಪನಿಗೆ ಮೊದಲೇ ಯಾರೂ ಹೇಳಿರಲಿಲ್ವಾ?”

“ಯಾರು ಹೇಳ್ತಾರೆ ಮೇಡಂ? ಕಾಲು ಕಪ್ಪಾದ ಮೇಲೆ ಹೇಳಿದ್ರು.”

“ನಿಮಗೆ ಈಗಲೇ ಹೇಳ್ತಿದ್ದೀವಿ. ಇದಿನ್ನೂ ಕಾಯಿಲೆ ಅಲ್ಲ ಅಣ್ಣ. ಹೊಟ್ಟೆ ಸ್ವಲ್ಪ ಇಳಿಸಿ, ಸಿಹಿ ಟೀ ಬಿಡಿ, ದಿನಾ ಅರ್ಧ ಗಂಟೆ ಬಿರುಸಾಗಿ ನಡೀರಿ. ಎಷ್ಟೋ ಜನ ಹೀಗೇ ಹಿಂದಕ್ಕೆ ಬಂದಿದ್ದಾರೆ.”

“ಅಂದ್ರೆ ಗಾಡಿ ತಿರುಗಿಸ್ಕೊಳ್ಳೋಕೆ ಜಾಗ ಇದೆ ಅಂತೀರಿ.”

“ಬೇಕಾದಷ್ಟಿದೆ.”

ಪೋಂಪಣ್ಣ ಬೆಳಗ್ಗಿಂದ ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟ ರಭಸಕ್ಕೆ ಮೇಜಿನ ಮೇಲಿನ ಚೀಟಿಗಳು ಹಾರಿದವು. ಮೇಡಂ ಆಯ್ದುಕೊಂಡು ಏಳಕ್ಕೂ ಸಹಿ ಹಾಕಿ, ಹದಿನಾರು ವಾರ ಬಂದರೆ ಸಾಕು ಎಂದಳು. ಮೇಲೆ ಡಾಕ್ಟರು ನೀಲಿ ಮೊಹರನ್ನು ದಬ್ಬೆಂದು ಒತ್ತಿಸಿಕೊಟ್ಟರು. ಐದಕ್ಕೆ ಹತ್ತು ನಿಮಿಷವಿರುವಾಗ ಅವನು ಶಾಲೆಯ ಗೇಟಿನೊಳಗಿದ್ದ. ಕಾಯಿಲೆಯಿಲ್ಲ, ಕೀಲಿಕೈ ತನ್ನದೇ. ಹೊಟ್ಟೆ ಖಾಲಿಯಿದ್ದರೂ ಮೈಯೆಲ್ಲ ಹಗುರ.

ಅಂಗಳದಲ್ಲಿ ಉಳಿದ ಆರು ಡ್ರೈವರುಗಳೂ ಸಾಲಾಗಿ ನಿಂತಿದ್ದರು. ಎದುರಿಗೆ ಮ್ಯಾನೇಜರು, ಕೈಯಲ್ಲಿ ಎಲ್ಲ ವ್ಯಾನುಗಳ ಕೀಲಿಕೈ ಗೊಂಚಲು.

“ಸಾರ್, ಮೊಹರು!” ಎಂದು ಪೋಂಪಣ್ಣ ಕಾಗದ ಎತ್ತಿ ಹಿಡಿದ.

ಮ್ಯಾನೇಜರು ಅದರ ಕಡೆ ನೋಡಲಿಲ್ಲ. “ಬಾ, ನೀನೊಬ್ಬ ಬಾಕಿ ಇದ್ದೆ. ಸಾಲಲ್ಲಿ ನಿಂತ್ಕೊ. ಬೆಳಗ್ಗಿಂದ ಆಸ್ಪತ್ರೆಯಿಂದ ಫೋನ್ ಮೇಲೆ ಫೋನ್. ‘ನಿಮ್ಮ ಡ್ರೈವರ್ ಒಬ್ಬರಿಗೆ ಸಕ್ಕರೆ ಕಾಯಿಲೆ ಬರ್ತಾ ಇದೆ.’ ಯಾರಪ್ಪಾ ಅಂದ್ರೆ ಗುಟ್ಟಂತೆ! ಫೋನು ಏಳು, ನಮ್ಮಲ್ಲಿರೋ ಡ್ರೈವರ್‌ಗಳೂ ಏಳು. ಇದ್ರಲ್ಲಿ ಗುಟ್ಟೇನು ಬಂತು ಮಣ್ಣು?”

ಪೋಂಪಣ್ಣನ ಕೈಯಲ್ಲಿದ್ದ ಕಾಗದ ತಾನಾಗಿ ಕೆಳಗಿಳಿಯಿತು.

“ನಾಳೆಯಿಂದ ಹದಿನಾರು ವಾರ ಏಳೂ ಜನ ಆ ಕ್ಲಾಸಿಗೆ ಹೋಗ್ಬೇಕು. ಅಲ್ಲೀವರೆಗೆ ಕೀಲಿಕೈ ನನ್ನ ಹತ್ರ. ಮಕ್ಕಳನ್ನ ನಡೆಸ್ಕೊಂಡು ಬನ್ನಿ, ನಡೆಸ್ಕೊಂಡು ಹೋಗಿ. ಅವರಿಗೂ ಒಳ್ಳೇದು, ನಿಮಗೂ ಒಳ್ಳೇದು.” ಗೊಂಚಲನ್ನು ಜೇಬಿಗಿಳಿಸಿ ಮ್ಯಾನೇಜರು ಒಳಗೆ ನಡೆದರು.



“ನಂಗೆ ಬೆರಳೇ ಚುಚ್ಚಲಿಲ್ಲವಲ್ಲೋ,” ಎಂದ ಸಾಲಿನ ಹಿರಿಯ.

“ನಂಗೂ ಇಲ್ಲ. ತಿಂಡಿ ತಿಂದು ಹೋಗಿದ್ದೆ, ಕಣ್ಣು ನೋಡಿ ಕಳಿಸಿದ್ರು.”

“ನಂದೂ ಅಷ್ಟೇ.”

ಇನ್ನೂ ಒದ್ದೆಯಾಗಿದ್ದ ನೀಲಿ ಮೊಹರಿನ ಕಡೆಗೆ ಆರು ತಲೆಗಳು ಒಂದೊಂದಾಗಿ ತಿರುಗಿದವು.

“ಪೋಂಪಣ್ಣಾ,” ಎಂದ ಹಿರಿಯ, ಬಲು ಪ್ರೀತಿಯಿಂದ, ಅಂಗಿಯ ತೋಳು ಮಡಚುತ್ತ. “ಆ ಬೆರಳು ಸ್ವಲ್ಪ ತೋರ್ಸಪ್ಪಾ.”

ಪೋಂಪಣ್ಣ ಬೆರಳನ್ನು ಜೇಬಿಗೆ ಹಾಕಿದ. ಗೇಟಿನ ಕಡೆಗೆ ಎರಡು ಹೆಜ್ಜೆ ಮೆಲ್ಲಗೆ ಇಟ್ಟ, ಆಮೇಲೆ ನಾಲ್ಕು ಬಿರುಸಾಗಿ, ಆಮೇಲೆ ಓಟ. ಬೆನ್ನ ಹಿಂದೆ ಹನ್ನೆರಡು ಕಾಲುಗಳು ದಡದಡ ಎಂದವು. ಮೊದಲ ದಿನದ ವ್ಯಾಯಾಮಕ್ಕೆ ಹಾಜರಿ ಪೂರ್ತಿಯಿತ್ತು.