ಸಂಬಳ ಕೇಳುವ ಸೋದರಮಾವ

ಹೊಳಲ್ಕೆರೆಯಿಂದ ಹಿರಿಯೂರಿನವರೆಗೆ ನನಗೆ ಕೆಲಸ ಕೊಡಲು ಮುಂದಾದವರನ್ನೆಲ್ಲ ಬೆನ್ನುಹತ್ತಿ ಓಡಿಸಿದ ಮಹಾನುಭಾವ ನನ್ನ ಸೋದರಮಾವ. ಎಪ್ಪತ್ತರ ದಶಕದಲ್ಲಿ ಬಿ.ಎ. ಮುಗಿಸಿ, ಹಿರೇಗುಂಟನೂರಿನ ಜಗುಲಿಯ ಮೇಲೆ ಮೂರು ವರ್ಷ ಕೂತವನಿಗೆ ಇಂಥ ಮಾವನಿದ್ದ ಮೇಲೆ ಬೇರೆ ಶನಿ ಯಾಕೆ ಬೇಕು?

ಮಾವ ಕುರಿ ವ್ಯಾಪಾರಿ. ಸಂತೆಯಲ್ಲಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ರೇಟು ಕುದುರಿಸದೆ ಕುರಿಯ ಕಿವಿಯನ್ನೂ ಮುಟ್ಟಗೊಡುವವನಲ್ಲ.

ಹೊಳಲ್ಕೆರೆಯ ಅಕ್ಕಿ ಗಿರಣಿಯಲ್ಲಿ ಗುಮಾಸ್ತಿಕೆಗೆ ಇಂಟರ್‌ವ್ಯೂ. ಸಾಹುಕಾರರು ನನ್ನ ಅಕ್ಷರ ಮೆಚ್ಚಿ, "ಸೋಮವಾರ ಬಂದ್ಬಿಡಪ್ಪ" ಎಂದರು. ನಾನು ಕೈಮುಗಿಯುವಷ್ಟರಲ್ಲಿ, ನನ್ನ ಜೊತೆ ಬಂದು ಬಾಗಿಲಲ್ಲಿ ನಿಂತಿದ್ದ ಮಾವ ಒಳಗೇ ಬಂದುಬಿಟ್ಟ!

"ಸಂಬಳ ಎಷ್ಟು ಸ್ವಾಮಿ?"

"ಮೊದ್ಲು ಕೆಲ್ಸ ನೋಡಾಣ, ಆಮೇಲೆ ಹೇಳ್ತೀವಿ."

"ನಾಕು ಜನದ ಎದ್ರಿಗೆ ಹೇಳಕ್ಕೆ ಸಂಕೋಚ ಇರ್ಬೌದು" ಎಂದ ಮಾವ, ಹೆಗಲ ಮೇಲಿದ್ದ ಟವೆಲ್ಲನ್ನು ಸಾಹುಕಾರರ ಕೈಗೆ ಹೊದಿಸಿ, ಒಳಗೆ ಕೈ ತೂರಿಸಿ ಅವರ ಬೆರಳು ಹಿಡಿದೇಬಿಟ್ಟ! "ಹೂಂ, ಈಗ ಹೇಳ್ರಿ."

ಸಾಹುಕಾರರು ಕೈ ಕಿತ್ತುಕೊಂಡು ಬಾಗಿಲು ತೋರಿಸಿದರು. "ಒಂದು ಬೆರಳೂ ನೆಟ್ಟಗೆ ಕೊಡ್ಲಿಲ್ಲ ಕಣಲೇ, ಗಿರಾಕಿ ಸರಿ ಇಲ್ಲ" ಎಂದು ಮಾವ ಬಸ್‌ಸ್ಟ್ಯಾಂಡಿನಲ್ಲಿ ನನಗೇ ಸಮಾಧಾನ ಹೇಳಿದ. ನನಗೆ ಅಳು ಬಂದಿತ್ತು.

ಹಿರಿಯೂರಿನ ಎಣ್ಣೆ ಗಿರಣಿಯಲ್ಲಿ, ನನ್ನನ್ನು ಒಳಗೆ ಕರೆಯುವ ಮೊದಲೇ, ಅಲ್ಲಿ ಕೂತಿದ್ದ ಇಬ್ಬರು ಗುಮಾಸ್ತರನ್ನು ಸಂಬಳ ಎಷ್ಟೆಂದು ಮಾವ ಗಟ್ಟಿಯಾಗಿ ವಿಚಾರಿಸಿದ. ಇಬ್ಬರದೂ ಒಂದೇ ಕೆಲಸ. ಒಬ್ಬನಿಗೆ ನೂರಾಹತ್ತು, ಇನ್ನೊಬ್ಬನಿಗೆ ಎಂಬತ್ತು! ಎಂಬತ್ತರವನು ಲೇಖನಿ ಬಿಸುಟು ಮಾಲೀಕರ ಕೋಣೆಗೆ ನುಗ್ಗಿದ. ಇಂಟರ್‌ವ್ಯೂ ಯಾರಿಗೆ ಬೇಕು? ನಮ್ಮಿಬ್ಬರನ್ನೂ ಬೀದಿಗೆ ಅಟ್ಟಿದರು.

ಬದುಕೇ ಬೇಡವೆನಿಸಿತು. ಮುಂದಿನ ಸಲ ಮಾವನಿಗೆ ಹೇಳದೆ ಹೊಸದುರ್ಗಕ್ಕೆ ಹೋದೆ. ಸಂಬಳದ ಮಾತೇ ಎತ್ತಲಿಲ್ಲ. ಜವಳಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಎರಡು ತಿಂಗಳು ದುಡಿದ ಮೇಲೆ ಹೆದರುತ್ತಲೇ ಕೇಳಿದೆ.

"ಕೆಲ್ಸ ಕಲ್ಸಿದೀವಲ್ಲಪ್ಪ, ಅದೇ ಸಂಬಳ!" ಎಂದರು ಮಾಲೀಕರು.

ಬರಿಗೈಯಲ್ಲಿ ಊರಿಗೆ ಬಂದು ಮಾವನಿಗೆ ನಡೆದದ್ದೆಲ್ಲ ಹೇಳಿ ತಲೆತಗ್ಗಿಸಿ ನಿಂತೆ. ಈಗ ಊರೆಲ್ಲ ಕೇಳುವಂತೆ ಬೈಯುತ್ತಾನೆ ಎಂದುಕೊಂಡೆ. ಅವನು ನನ್ನ ಕೈಗೆ ನೀರಿನ ಚೊಂಬು ಕೊಟ್ಟ.

"ನಾನೂ ನಿನ್ನ ವಯಸ್ಸಲ್ಲಿ ಬಾಯ್ಬಿಟ್ಟು ಕೇಳಿರ್ಲಿಲ್ಲ ಕಣಲೇ. ಮೂರು ವರ್ಷ ಕಂಡೋರ ಕುರಿ ಕಾಯ್ದೆ. ಕೊನೇಗೆ ಒಂದು ಹಳೇ ಕಂಬಳಿ ಕೊಟ್ಟು ಕಳಿಸಿದ್ರು. ನಿಮ್ಮಜ್ಜಿಗೆ ಹೆಂಗೆ ಮುಖ ತೋರ್ಸಲಿ ಅಂತ ಎರಡು ದಿನ ಊರ ಹೊರಗೇ ಕುಂತಿದ್ದೆ."

ಈ ಕತೆಯನ್ನು ಅವನ ಬಾಯಲ್ಲಿ ಅವತ್ತೇ ಮೊದಲು ಕೇಳಿದ್ದು. ಇಷ್ಟು ದಿನ ಇವನನ್ನು ಶಪಿಸಿದೆನಲ್ಲ ಎಂದುಕೊಳ್ಳುತ್ತ ಚೊಂಬಿನ ನೀರು ಕುಡಿದೆ.

"ಮಾವ, ಗುರುವಾರ ಚಿಕ್ಕಜಾಜೂರಲ್ಲಿ ಇಂಟರ್‌ವ್ಯೂ ಐತೆ" ಎಂದೆ. "ನೀನೂ ಬಾ."