ಹೆಣ್ಣು ನೋಡಲು ನಾಲ್ಕು ಕಾಲಂ

ದೊಡ್ಡವರ ಮನೆಯ ಮದುವೆಗಳಲ್ಲಿ ನಗುವುದಕ್ಕೆ ಏನಾದರೂ ಇದ್ದೇ ಇರುತ್ತದೆ. ಸಂಬಳ ಕೊಡುವವರ ಎದುರಿಗೆ ನಗಬಾರದು, ಅಷ್ಟೆ. ಎಪ್ಪತ್ತರ ದಶಕದಲ್ಲಿ ಬಿ.ಎಸ್ಸಿ. ಮುಗಿಸಿ ರಾಜಾಜಿನಗರದ ಒಂದು ಕಾರ್ಖಾನೆಯ ಲ್ಯಾಬಿಗೆ ಸೇರಿದ್ದೆ. ನನ್ನ ವರದಿಗಳು ಚೊಕ್ಕಟವಾಗಿರುತ್ತವೆ ಎಂದು ಯಜಮಾನರ ಹೆಂಡತಿಯ ಕಿವಿಗೆ ಬಿತ್ತು. ಮಗನಿಗೆ ಹೆಣ್ಣು ನೋಡಲು ಮನೆಯವರೆಲ್ಲ ಹೊರಟಾಗ ಅಮ್ಮಾವ್ರು ನನ್ನನ್ನೂ ಡ್ರೈವರ್ ಪಕ್ಕ ಕೂರಿಸಿದರು. ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿಸಿದರು: ಕಾರು, ಫ್ರಿಜ್, ಸೋಫಾ, ಹುಡುಗಿ. ಇದೇ ಕ್ರಮದಲ್ಲಿ.

ಮೊದಲನೇ ಭಾನುವಾರವೇ ಮಗ ನನ್ನನ್ನು ಗೇಟಿನ ಹತ್ತಿರ ಹಿಡಿದ.

“ಗುರು, ನಾನು ಮದುವೆ ಆದ್ರೆ ಕೆಂಗೇರಿ ಹುಡುಗೀನೇ. ಸ್ಕೂಲ್ ಟೀಚರ್. ಅಮ್ಮನಿಗೆ ಹೇಳೋಕೆ ಧೈರ್ಯ ಇಲ್ಲ. ಈ ಮನೆಗಳನ್ನೆಲ್ಲ ಹೇಗಾದ್ರೂ ತಪ್ಪಿಸು.”

“ಸುಳ್ಳು ಬರೆಯೋಕೆ ಬರಲ್ಲ ಸಾರ್.”

“ನಿಜಾನೇ ಬರಿ. ಏನೂ ಬಿಡಬೇಡ.”

ತಣ್ಣೀರು

ಬಸವೇಶ್ವರನಗರದ ಬಂಗಲೆ. ಫ್ರಿಜ್ ಹಾಲಿನಲ್ಲೇ ಇತ್ತು, ತಲೆಯ ಮೇಲೆ ಪ್ಲಾಸ್ಟಿಕ್ ಹೂವಿನೊಂದಿಗೆ. ಬಿಸಿಲಲ್ಲಿ ಹೋಗಿದ್ದೆವು, ನಾನು ತಣ್ಣೀರು ಕೇಳಿದೆ. ಮನೆಯವರು ಮುಖ ಮುಖ ನೋಡಿಕೊಂಡರು. ಕೊನೆಗೆ ಹುಡುಗಿಯ ತಾಯಿ ಸೊಂಟದ ಬೀಗದ ಕೈ ತೆಗೆದು ಬಾಗಿಲು ತೆರೆದರು. ಒಳಗೆ ರೇಷ್ಮೆ ಸೀರೆ ಜೋಡಿಸಿದ್ದರು. ಬರೆದುಕೊಂಡೆ: ಫ್ರಿಜ್ ಇದೆ. ಒಳಗೆ ಸೀರೆ, ಹನ್ನೊಂದು.

ಕಾರಿನಲ್ಲಿ ಅಮ್ಮಾವ್ರು ಅದನ್ನು ಓದಿದರು. “ಹನ್ನೊಂದೇನಾ?” ಎಂದರು. ಆ ಮನೆ ಅಲ್ಲಿಗೆ ಮುಗಿಯಿತು.

ಇಂಗ್ಲಿಷು

ಸೊಸೆ ಕ್ಲಬ್ಬಿನಲ್ಲಿ ಇಂಗ್ಲಿಷ್ ಮಾತಾಡಬೇಕು ಎಂಬುದು ಅಮ್ಮಾವ್ರ ಆಸೆ. ಎರಡನೇ ಮನೆಯಲ್ಲಿ ತಾವೇ ಬಾಯಿಪಾಠ ಮಾಡಿಕೊಂಡಿದ್ದ ಒಂದು ಪ್ರಶ್ನೆ ಕೇಳಿದರು. ಹುಡುಗಿ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಅಮ್ಮಾವ್ರು ನಕ್ಕು ತಲೆಯಾಡಿಸಿದರು. ಆಕೆ ಮತ್ತೆ ಹೇಳಿದಳು. ಇವರು ಮತ್ತೆ ನಕ್ಕರು.

ಕಾರು ಹತ್ತಿದ ಮೇಲೆ ಕೇಳಿದರು, “ಏನಂತಪ್ಪ ಅವಳದ್ದು?”

“ನಿಮ್ಮ ಸೆರಗು ಕಾಫಿ ಲೋಟದಲ್ಲಿ ಬಿದ್ದಿದೆ ಅಂದ್ರಮ್ಮ. ಎರಡು ಸಲ.”

“ನೀನು ಹೇಳೋದಲ್ವಾ?”

“ನೀವು ತಲೆ ಆಡಿಸಿದ್ರಿ. ಗೊತ್ತಾಯ್ತು ಅಂದ್ಕೊಂಡೆ.”

ಅಮ್ಮಾವ್ರು ಸೆರಗು ಹಿಂಡಿಕೊಂಡರು. “ಆ ಹುಡುಗಿಗೆ ಮಾತು ಜಾಸ್ತಿ.”

ಹತ್ತು ನಿಮಿಷ

“ಈಗಿನ ಕಾಲದ ಹುಡುಗರು. ಹತ್ತು ನಿಮಿಷ ಇಬ್ಬರೇ ಮಾತಾಡ್ಲಿ, ಪ್ರೀತಿ ಬೆಳೀಲಿ,” ಎಂದರು ಅಮ್ಮಾವ್ರು ಮೂರನೇ ಮನೆಯಲ್ಲಿ. ಇಬ್ಬರನ್ನೂ ತೋಟಕ್ಕೆ ಕಳಿಸಿದರು. ಹೊತ್ತು ನೋಡಲು ನಾನು, ಮೂರಡಿ ದೂರದಲ್ಲಿ. ನನ್ನ ವರದಿ: ಮೌನ, ಆರು ನಿಮಿಷ. ಮನೆಯ ನಾಯಿಯ ವಿಷಯ, ಮೂರು ನಿಮಿಷ. ಕೊನೆಗೆ ಹುಡುಗಿ, “ಫ್ಯಾಕ್ಟರೀಲಿ ನೀವು ಏನ್ ಕೆಲಸ ಮಾಡ್ತೀರಿ?” ಎಂದು ಕೇಳಿದಳು. ಮಗ ನನ್ನ ಮುಖ ನೋಡಿದ. ನಾನೂ ಯೋಚಿಸಿದೆ. ಅಷ್ಟರಲ್ಲಿ ಹತ್ತು ನಿಮಿಷ ಆಯಿತು.

ಆ ಸಲ ಬೇಡ ಅಂದವರು ಹುಡುಗಿ ಕಡೆಯವರು.

ಚಾಪೆ

ಮನೆಗಳ ಪಟ್ಟಿ ಮುಗಿಯಿತು. “ಕೆಂಗೇರಿಯಲ್ಲಿ ಒಂದು ಮನೆ ಇದೆಯಮ್ಮ,” ಎಂದೆ. ಅದು ಸುಳ್ಳಲ್ಲ.

ನಾವು ಹೋದಾಗ ಹುಡುಗಿಯ ತಂದೆ ತಿಂಡಿ ತಿನ್ನುತ್ತಿದ್ದರು. “ಕೂತ್ಕೊಳ್ಳಿ, ಇನ್ನೊಂದು ದೋಸೆ ಬಾಕಿ ಇದೆ,” ಎಂದರು ಒಳಗಿಂದಲೇ. ಇದ್ದ ಒಂದೇ ಕುರ್ಚಿಯ ಮೇಲೆ ಮಗಳು ತಿದ್ದಬೇಕಾದ ಮಕ್ಕಳ ಪುಸ್ತಕಗಳು. ನಾವು ಚಾಪೆಯ ಮೇಲೆ ಕೂತೆವು. ಅಮ್ಮಾವ್ರನ್ನು ಅಲ್ಲಿಯವರೆಗೆ ಯಾರೂ ಕಾಯಿಸಿರಲಿಲ್ಲ.

“ನಿಮ್ಮ ಕಾರು?” ಎಂದು ಅಮ್ಮಾವ್ರು ಕೇಳಿದರು, ಹುಡುಗಿಯ ತಂದೆ ಕೈ ತೊಳೆದು ಬಂದ ಮೇಲೆ.

“ಬಸ್ ಬರುತ್ತಲ್ಲಮ್ಮ.”

ಹುಡುಗಿ ಕಾಫಿ ತಂದಳು. ಮಗನ ಲೋಟಕ್ಕೆ ಮಾತ್ರ, ಯಾರನ್ನೂ ಕೇಳದೆ, ಸಕ್ಕರೆ ಹಾಕಿರಲಿಲ್ಲ. ಅದಕ್ಕೆ ನನ್ನ ಹತ್ತಿರ ಕಾಲಂ ಇರಲಿಲ್ಲ.

ಕಾರಿನಲ್ಲಿ ವರದಿ ಓದಿದೆ: ಕಾರು ಇಲ್ಲ. ಫ್ರಿಜ್ ಇಲ್ಲ. ಸೋಫಾ ಇಲ್ಲ. ಮಗ ಕಣ್ಣು ಮುಚ್ಚಿಕೊಂಡ. ಮೈಸೂರು ರಸ್ತೆಯ ಅರ್ಧ ದಾರಿಯಲ್ಲಿ ಅಮ್ಮಾವ್ರು ಯಜಮಾನರ ಕಡೆ ತಿರುಗಿದರು.

“ನೋಡಿದ್ರಾ?” ಎಂದರು. “ಏನೂ ತೋರಿಸ್ಕೊಳ್ಳಲ್ಲ. ನಮ್ಮನ್ನೇ ಕಾಯಿಸಿದ್ರು. ಹಳೇ ಶ್ರೀಮಂತರು ಅಂದ್ರೆ ಇವರು.”

“ಅವರು ರಿಟೈರ್ಡ್ ಮೇಷ್ಟ್ರಮ್ಮ,” ಎಂದೆ.

“ಹೊತ್ತು ಹೋಗೋಕೆ ಮಾಡಿರ್ತಾರೆ ಬಿಡು.”

ಮದುವೆ ಗೊತ್ತಾಯಿತು. ಬೀಗರು ಮನೆ ನೋಡಲು ಬರುವ ದಿನ ಅಮ್ಮಾವ್ರ ಮನೆಗೆ ನಾನೂ ಹೋದೆ. ಹಾಲಿನಲ್ಲಿ ಸೋಫಾ ಇಲ್ಲ. ಫ್ರಿಜ್ ಉಗ್ರಾಣಕ್ಕೆ ಹೋಗಿತ್ತು, ಕಾರು ಪಕ್ಕದ ಬೀದಿಗೆ. ನಮ್ಮನ್ನು ಹೊಸ ದುಡ್ಡಿನವರು ಅಂದ್ಕೋಬಾರದು ಎಂದರು ಅಮ್ಮಾವ್ರು. ಮಂಡಿನೋವಿನ ಯಜಮಾನರು ಎರಡು ಗಂಟೆ ಚಾಪೆಯ ಮೇಲೆ ಕೂತಿದ್ದರು.

ಬೀಗರು ಹೋದ ಮೇಲೆ ಏಳಲು ಕೈ ಚಾಚಿದರು. ನಾನೂ ಡ್ರೈವರೂ ಹಿಡಿದೆತ್ತಿದೆವು.

“ಅವರ ಮನೇಲಿ ಒಂದು ಕುರ್ಚಿ ಇತ್ತಲ್ಲಪ್ಪ,” ಎಂದರು ಮೆಲ್ಲಗೆ. “ಅದನ್ನ ಯಾಕೆ ಬರೀಲಿಲ್ಲ?”

“ಕುರ್ಚಿಗೆ ಕಾಲಂ ಇರ್ಲಿಲ್ಲ ಸಾರ್.”